ಬೆನ್ನಿಗೆ ಹೇಳಿದ ಮಾತು

ಇಸೊಅಜ್ಜಿ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದ ವಾರಕ್ಕೆ ನಮ್ಮೂರ ಸುದ್ದಿಪತ್ರದಲ್ಲಿ ಅವಳ ಬಗ್ಗೆ ಆರು ಸಾಲು ಬಂತು. ಐವತ್ತು ವರ್ಷ ಊರವರ ಬೆನ್ನಿಗೆ ಯಾಯಿತೊ, ಅಂದರೆ ಮಾಚಿಪತ್ರೆಯ ಬೆಂಕಿಮದ್ದು, ಇಟ್ಟ ಈ ತಾಯಿ ಮೃದುಭಾಷಿ, ಸದಾ ನಗುಮುಖಿ, ಅವರ ಕೈಯಿಂದ ಒಂದೇ ಒಂದು ತಪ್ಪೂ ಆಗಿರಲಿಲ್ಲ, ಅಂತ. ಓದಿ ನನ್ನ ಮೈ ಉರಿಯಿತು. ಆರು ಸಾಲಿನಲ್ಲಿ ಮೂರು ಸುಳ್ಳು. ಮೃದು ಮಾತು ಅವಳ ಬಾಯಲ್ಲಿ ಬಂದದ್ದನ್ನು ಕೇಳಿದವರು ಇಬುಕಿ ಬೆಟ್ಟದ ಈ ಬುಡದಲ್ಲಿ ಯಾರೂ ಇಲ್ಲ. ನಗುತ್ತಿದ್ದಳು ನಿಜ, ಗಟ್ಟಿಮುಟ್ಟಾದ ಗಂಡಸು ಅರ್ಧ ಅಕ್ಕಿಕಾಳಿನಷ್ಟು ಬೆಂಕಿಗೆ ಹೆದರಿ ಚಾಪೆ ಕಚ್ಚಿದಾಗ ಮಾತ್ರ. ಇನ್ನು ತಪ್ಪಿನ ಮಾತು. ಅವಳು ತಪ್ಪು ಮಾಡಿದ್ದಳು. ಆ ತಪ್ಪನ್ನು ಅವಳೇ ಹನ್ನೆರಡು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಸತ್ತ ಮೇಲೆ ಅದನ್ನು ಒರೆಸಿಹಾಕಲು ಇವರು ಯಾರು?

ಮೊದಲು ಅವಳ ಕೈ ಬಗ್ಗೆ ಹೇಳುತ್ತೇನೆ. ಎಡಗೈಯ ಹೆಬ್ಬೆರಳು, ತೋರುಬೆರಳಿನ ತುದಿ ಎರಡೂ ಹಳೆಯ ಕುಡುಗೋಲಿನ ಹಿಡಿಯ ಹಾಗೆ ನುಣುಪಾಗಿದ್ದವು. ಮಾಚಿಪತ್ರೆಯ ಎಲೆ ಒಣಗಿಸಿ, ಚಳಿಗಾಲದ ಒಣಹವೆಯಲ್ಲಿ ಕಲ್ಲಿಗೆ ಹಾಕಿ ಬೀಸಿ, ಜರಡಿ ಮೇಲೆ ಜರಡಿ ಹಿಡಿದರೆ ಬುಟ್ಟಿ ಎಲೆಗೆ ಒಂದು ಹಿಡಿ ಹತ್ತಿಯಂಥ ಪುಕ್ಕ ಉಳಿಯುತ್ತದೆ. ಅದೇ ಮೊಗುಸ. ಅವಳು ಅದನ್ನು ಆ ಎರಡು ಬೆರಳಿನ ನಡುವೆ ಹೊಸೆದು ದಾರ ಮಾಡುತ್ತಿದ್ದಳು. ಬಲಗೈ ಅದರ ತುದಿಯಿಂದ ಒಂದು ಚೂರು ಕಿತ್ತು ಮೈಮೇಲೆ ನೆಟ್ಟಗೆ ನಿಲ್ಲಿಸುತ್ತಿತ್ತು. ಊದುಬತ್ತಿಯ ಬೂದಿ ಕೊಡವಿ, ಕೆಂಪು ತುದಿಯನ್ನು ಆ ಚೂರಿಗೆ ಮುಟ್ಟಿಸಿದಳೋ ಇಲ್ಲವೋ ಅನ್ನುವುದರೊಳಗೆ ಹೊಗೆ ಎದ್ದು, ಚುರುಕ್ ಅಂದು, ಮುಗಿದಿರುತ್ತಿತ್ತು. ಬೂದಿ ಒರೆಸದೆ ಅದರ ಮೇಲೇ ಇನ್ನೊಂದು ಕಾಳು ಇಟ್ಟರೆ ಬಿಸಿ ಮೆತ್ತಗೆ. ಒರೆಸಿ ಇಟ್ಟರೆ ಚುರುಕು. ಮೊದಲನೆಯದಕ್ಕೆ ಅವಳು ಸಪ್ಪೆ ಅನ್ನುತ್ತಿದ್ದಳು, ಎರಡನೆಯದಕ್ಕೆ ಖಾರ. ಒಳಗಿಳಿಯಬೇಕಾದ ಬೆಂಕಿ ಬೇರೆ, ಬಿಸಿ ತಾಕಿತು ಅನ್ನುವಾಗಲೇ ಚಿವುಟಿ ತೆಗೆಯುವ ಬೆಂಕಿ ಬೇರೆ. ಯಾರಿಗೆ ಯಾವುದು ಅನ್ನುವುದನ್ನು ರೋಗಿಯ ಮುಖ ನೋಡಿ ತೀರ್ಮಾನಿಸುತ್ತಿರಲಿಲ್ಲ. ಬೆನ್ನು ಸವರಿ ತೀರ್ಮಾನಿಸುತ್ತಿದ್ದಳು. ಮುಖ ಸುಳ್ಳು ಹೇಳುತ್ತೆ, ಬೆನ್ನಿಗೆ ಆ ಬುದ್ಧಿ ಇಲ್ಲ ಅನ್ನುವುದು ಅವಳ ಲೆಕ್ಕ.

ಈ ವಿದ್ಯೆ ಅವಳಿಗೆ ಬಂದದ್ದು ಗೆನ್‌ಶುನ್ ಅನ್ನುವ ಕುರುಡ ಗುರುವಿನಿಂದ. ಗಂಡ ಕೆಮ್ಮಿ ಕೆಮ್ಮಿ ಸತ್ತ ಮೇಲೆ, ತವರಿನ ಮೊಗುಸದ ಮೂಟೆ ಹೊತ್ತು ಆತನ ಮನೆಗೆ ಮಾರಲು ಹೋದವಳು ಅಲ್ಲೇ ಶಿಷ್ಯೆಯಾಗಿ ನಿಂತಳು. ಮೂರು ವರ್ಷ ಒಂದೇ ಪಾಠ. ಮಡಿಸಿದ ತೆಳು ಕಾಗದದ ಮೇಲೆ ಕಾಳು ನಿಲ್ಲಿಸಿ ಸುಡಬೇಕು, ಕಾಗದ ಕಂದಬಾರದು. ಕಂದಿದರೆ ಗುರು ಬೀಸಣಿಗೆಯಿಂದ ತಲೆಗೆ ಒಂದು ಬಿಡುತ್ತಿದ್ದನಂತೆ. ಕಣ್ಣಿಲ್ಲದವನಿಗೆ ಹೇಗೆ ಗೊತ್ತಾಗುತ್ತಿತ್ತು ಅಂದರೆ, ವಾಸನೆಯಿಂದ.

ನಮ್ಮ ದೇಶ ಯುದ್ಧ ಸೋತಮೇಲೆ, ಗೆದ್ದು ಬಂದ ಪರದೇಶದ ದೊಡ್ಡ ಮನುಷ್ಯರು ಯಾಯಿತೊ, ಸೂಜಿ ಚುಚ್ಚುವ ಮದ್ದು ಎಲ್ಲ ಕಾಡುಜನರ ಕೆಲಸ, ನಿಲ್ಲಿಸಿಬಿಡಿ ಎಂದು ಹೊರಟಿದ್ದರು. ಆಗ ಅವಳಾಡಿದ ಮಾತು ನಮ್ಮ ಜಿಲ್ಲೆಯಲ್ಲೆಲ್ಲ ಓಡಾಡಿತು. "ಊರೂರೇ ಸುಟ್ಟೋರಿಗೆ ನನ್ನ ಅರ್ಧ ಅಕ್ಕಿಕಾಳು ನೋಡಿ ಕರುಳು ಚುರುಕ್ ಅಂತಂತಾ?" ಅವರು ಕೊನೆಗೆ ಸುಮ್ಮನಾದರು. ಆದರೆ ಹೊಸ ಕಾನೂನು ಬಂತು, ತರಬೇತಿಗೆ ಕೂರಬೇಕು ಅಂತಾಯಿತು. ಅರವತ್ತರ ಮುದುಕಿ ಇಪ್ಪತ್ತರ ಹುಡುಗರ ನಡುವೆ ಬೆಂಚಿನ ಮೇಲೆ ಮಂಡಿಯೂರಿಯೇ ಕೂತು ಎಲುಬಿನ ಹೆಸರು ಬಾಯಿಪಾಠ ಮಾಡಿ, ಪರವಾನಗಿ ತಂದು, ಅದನ್ನು ಕಟ್ಟು ಹಾಕಿಸಿ ಉಪ್ಪಿನಕಾಯಿ ಮರಿಗೆಯನ್ನು ಮುಚ್ಚಲು ಇಟ್ಟುಕೊಂಡಳು. ಮರಿಗೆಯೊಳಗೆ ಅನ್ನದಲ್ಲಿ ಹುಳಿಹಾಕಿದ ಕೆರೆಮೀನು. ಆ ನಾತಕ್ಕೆ ಸರ್ಕಾರಿ ಮುದ್ರೆಯೇ ಸರಿ ಅನ್ನುತ್ತಿದ್ದಳು.

ಈಗ ತಪ್ಪಿನ ವಿಷಯ.

ಹಳೆಯ ಪಂಚಾಂಗದ ಎರಡನೆಯ ತಿಂಗಳ ಎರಡನೆಯ ದಿನ, ಮತ್ತೆ ಎಂಟನೆಯ ತಿಂಗಳ ಎರಡನೆಯ ದಿನ ಇಟ್ಟ ಯಾಯಿತೊಗೆ ದುಪ್ಪಟ್ಟು ಫಲ ಅನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ನಂಬಿಕೆ. ಆ ಎರಡು ದಿನ ಇಸೊಅಜ್ಜಿಯ ಮನೆಮುಂದೆ ಮರದ ಚಪ್ಪಲಿಗಳ ಗುಡ್ಡೆ ಬೀಳುತ್ತಿತ್ತು. ಅಷ್ಟು ಜನರಿಗೆ ದಿನವೂ ಅವಳೇ ಸುಡಲು ಆಗುವ ಮಾತಲ್ಲ. ಅವಳು ಜಾಗ ಹುಡುಕಿ ಮಸಿಯ ಚುಕ್ಕೆ ಇಡುತ್ತಿದ್ದಳು, ಮೊದಲ ದಿನದ ಬೆಂಕಿ ಇಡುತ್ತಿದ್ದಳು. ಆಮೇಲೆ ಮೂರು ವಾರ ಮನೆಯವರೇ ಇಡಬೇಕು. ಮನೆಯವರು ಅಂದರೆ ಯಾರು ಅಂತ ಬೇರೆ ಹೇಳಬೇಕೆ? ಸೊಸೆ. ನಮ್ಮ ಕಡೆ ಅತ್ತೆಯ ಬೆನ್ನು ಸೊಸೆಯ ಪಾಲಿಗೆ ಬರೆದಿಟ್ಟ ಆಸ್ತಿ.

ಸ್ನಾನದಲ್ಲಿ ಮಸಿ ಅಳಿಸಿಹೋಗುತ್ತದೆ. ಅದಕ್ಕೆ ಅಜ್ಜಿ ಎರಡು ಗಂಟು ಹಾಕಿದ ನೂಲು ಕೊಡುತ್ತಿದ್ದಳು. ಕತ್ತಿನ ಬುಡದ ಉಬ್ಬಿದ ಎಲುಬಿನಿಂದ ಬೆನ್ನುಹುರಿಗುಂಟ ಮೊದಲ ಗಂಟಿನವರೆಗೆ ಇಳಿಯಬೇಕು, ಅಲ್ಲಿಂದ ಪಕ್ಕಕ್ಕೆ ಎರಡನೆಯ ಗಂಟಿನವರೆಗೆ ಹೋಗಬೇಕು. ಅಲ್ಲಿ ಚುಕ್ಕೆ. ಇದಕ್ಕೊಂದು ನಿಯಮ ಇದೆ, ಗೆನ್‌ಶುನ್ ಬೀಸಣಿಗೆಯಲ್ಲಿ ಹೊಡೆದು ಕಲಿಸಿದ್ದು. ಕೂತು ತೆಗೆದ ಜಾಗವನ್ನು ಕೂತೇ ಸುಡಬೇಕು, ಮಲಗಿ ತೆಗೆದದ್ದನ್ನು ಮಲಗಿಯೇ ಸುಡಬೇಕು. ಮೈ ಅನ್ನುವುದು ಗೋಡೆಯಲ್ಲ. ಹೊರಳಿದರೆ ಎಲುಬು ಸರಿಯುತ್ತದೆ, ಚರ್ಮ ಹಿಗ್ಗುತ್ತದೆ, ಜಾಗ ಜಾರುತ್ತದೆ.

ಆ ದೊಡ್ಡ ಹಿಮದ ವರ್ಷ, ಎರಡನೆಯ ತಿಂಗಳ ಎರಡರಂದು, ತಾರುಮಿ ಮನೆಯ ಕಿಕುನೊ ಬಂದಳು. ಮೂವತ್ತೈದು ವರ್ಷ ರೇಷ್ಮೆ ಮಗ್ಗದ ಮುಂದೆ ಕೂತು ಅವಳ ಬಲಭುಜದ ಹಲಗೆ ಕಲ್ಲಾಗಿತ್ತು. ಜೊತೆಗೆ ಸೊಸೆ ಯಾಸುಯೊ, ಮದುವೆಯಾಗಿ ಹದಿನಾಲ್ಕು ತಿಂಗಳು, ಮಕ್ಕಳಿಲ್ಲ. ಅಜ್ಜಿ ಕಿಕುನೊಳನ್ನು ಮಂಡಿ ತಬ್ಬಿಸಿ ಕೂರಿಸಿದಳು. ಹಾಗೆ ಕೂತರೆ ಭುಜದ ಹಲಗೆಗಳು ಬಾಗಿಲಿನ ಹಾಗೆ ಎರಡು ಕಡೆ ಸರಿದು ನಡುವಿನ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಚುಕ್ಕೆ ಇಟ್ಟು ನೂಲು ಅಳೆದಳು. ಮನೆಯಲ್ಲೂ ಹೀಗೇ ಮಂಡಿ ತಬ್ಬಿಕೊಂಡು ಕೂತು ಇಡಿಸಿಕೊ ಅಂತ ಕಿಕುನೊಳಿಗೆ ಹೇಳಿದಳು. ಆ ಹೊತ್ತಿಗೆ ಯಾಸುಯೊ ಹಿಂದಿನ ಅಡುಗೆಮನೆಯಲ್ಲಿದ್ದಳು. ಕಾದಿದ್ದ ನಲವತ್ತು ಜನಕ್ಕೆ ಚಹಾ ಸಾಲದೆ ಬಂದಿತ್ತು, ಯಾರದೋ ಸೊಸೆ ಅಂತ ಕಂಡ ಹುಡುಗಿಯನ್ನು ಯಾರೋ ನೀರು ಕಾಯಿಸಲು ಕಳಿಸಿದ್ದರು. ಅವಳು ವಾಪಸು ಬಂದಾಗ ಅಜ್ಜಿ ಕೊನೆಯ ಮಾತು ಹೇಳುತ್ತಿದ್ದಳು, ದಿನಕ್ಕೆ ಏಳು ಕಾಳು, ಆರಲ್ಲ, ಎಂಟಲ್ಲ. ಅದೊಂದು ಹುಡುಗಿಯ ಕಿವಿಗೆ ಬಿತ್ತು. ನೂಲು ಕೈಗೆ ಬಂತು.

ಮೂರು ವಾರ ಮುಗಿಯುವುದರೊಳಗೆ ಊರಲ್ಲಿ ಬೇರೆಯೇ ಸುದ್ದಿ. ಕಿಕುನೊಳ ಬೆನ್ನು ಹುಣ್ಣಾಗಿದೆ, ಸೊಸೆ ಗುರುತು ಬಿಟ್ಟು ಬೇಕೆಂದೇ ಎಲುಬಿನ ಮೇಲೆ ಸುಡುತ್ತಿದ್ದಾಳೆ, ಅತ್ತೆ ಅಮ್ಮಾ ಅಂತ ಕೂಗುತ್ತಿದ್ದರೂ ಇವಳು ನಾಲ್ಕು, ಐದು, ಆರು ಅಂತ ಎಣಿಸುತ್ತಾಳೆ, ಏಳಾಗುವ ತನಕ ಬಿಡುವುದಿಲ್ಲ. ಊರ ಸ್ನಾನದ ಮನೆಯಲ್ಲಿ ಆ ಬೆನ್ನು ಕಂಡ ಹೆಂಗಸರು ಹೌದು ಅಂದರು. ಚುಕ್ಕೆ ಇದ್ದದ್ದೆಲ್ಲಿ, ಸುಟ್ಟದ್ದೆಲ್ಲಿ. ಮುಸುಡಿ ನೋಡಿದರೆ ಬೆಣ್ಣೆ, ಕೈ ನೋಡಿದರೆ ಕೆಂಡ, ಅಂತ ಅಂಗಡಿಯಲ್ಲಿ ಒಬ್ಬಳು ಅಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಒಬ್ಬನಾದರೂ ಆ ಹುಡುಗಿಯನ್ನು ಕರೆದು, ಏನಮ್ಮಾ ಆಯಿತು, ಅಂತ ಕೇಳಲಿಲ್ಲ. ಕೇಳಿದರೆ ಕತೆ ಕೆಡುತ್ತದಲ್ಲ!

ಗಂಡ ಎಯ್ಜಿ ಸಿಮೆಂಟ್ ಕಾರ್ಖಾನೆಗೆ ಹೋಗಿ ಬರುವವನು, ಅವನ ಬಾಯಲ್ಲೂ ಸಿಮೆಂಟೇ. ಕೊನೆಗೆ ಮದುವೆ ಕುದುರಿಸಿದ್ದ ಅಕ್ಕಿ ಅಂಗಡಿಯ ಯಜಮಾನ ಒಂದು ತೀರ್ಮಾನ ಮಾಡಿದ. ಇಸೊಅಜ್ಜಿ ಬಂದು ಬೆನ್ನು ನೋಡಲಿ. ಗುರುತು ತಪ್ಪಿಸಿ ಸುಟ್ಟದ್ದು ನಿಜ ಅಂತ ಅವಳು ಹೇಳಿದರೆ ಹುಡುಗಿ ತವರಿಗೆ ಹೋಗಲಿ. ಅಂಥ ಹೆಸರು ಹೊತ್ತು ಹೋದ ಹೆಣ್ಣಿಗೆ ಮುಂದೆ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಜ್ಜಿ ಬಂದ ಬೆಳಿಗ್ಗೆ ಯಾಸುಯೊಳ ಅಣ್ಣ ಮೂರು ಗಾಲಿಯ ಲಾರಿ ತಂದು ನಿಲ್ಲಿಸಿದ್ದ. ಅವಳು ಮದುವೆಗೆ ತಂದಿದ್ದ ಮರದ ಪೆಟ್ಟಿಗೆ ಹಗ್ಗ ಬಿಗಿಸಿಕೊಂಡು ಬಾಗಿಲಲ್ಲೇ ಕೂತಿತ್ತು. ತೀರ್ಪು ಬರುವ ಮೊದಲೇ ಕಟ್ಟಿಟ್ಟಿದ್ದರು. ನಾವು ಹತ್ತು ಹನ್ನೆರಡು ಜನ ತಾರುಮಿ ಮನೆಯ ಅಂಗಳದಲ್ಲಿ ಹಿಮ ಗೋರುತ್ತಿದ್ದೆವು. ನಮ್ಮ ನಮ್ಮ ಅಂಗಳದಲ್ಲಿ ಹಿಮ ಮೊಣಕಾಲಿನವರೆಗೆ ಹಾಗೇ ಇತ್ತು.

ಅಜ್ಜಿ ಕಿಕುನೊಳ ಬೆನ್ನು ತೆರೆಸಿ ನೋಡಿದಳು. ಬಹಳ ಹೊತ್ತು ನೋಡಿದಳು. ತಾನು ಮೊದಲ ದಿನ ಇಟ್ಟ ಬೆಂಕಿಯ ಕಂದು ಚುಕ್ಕೆ ಒಂದು ಕಡೆ ಇತ್ತು. ಅದರಿಂದ ಎರಡು ಬೆರಳು ಕೆಳಗೆ, ಭುಜದ ಹಲಗೆಯ ಅಂಚಿನ ಮೇಲೆ, ಕೀವು ಕಟ್ಟಿದ ಹುಣ್ಣು. ಗುರುತು ತಪ್ಪಿದ್ದು ನಿಜ, ಯಾವ ಕುರುಡನೂ ಹೇಳಬಲ್ಲ. ಯಜಮಾನ ಗಂಟಲು ಸರಿಮಾಡಿಕೊಂಡ. ಎಯ್ಜಿ ಚಾಪೆಯ ಅಂಚು ನೋಡುತ್ತಿದ್ದ. ಅವಳು ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ.

ಅವಳು ತಿರುಗಿ ಬಾಗಿಲ ಮೂಲೆಯಲ್ಲಿದ್ದ ಹುಡುಗಿಯನ್ನು ನೋಡಿದಳು.

"ನಿನ್ನ ಹೆಸರೇನವ್ವ?"

ಊರಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ತಾರುಮಿ ಸೊಸೆ ಅನ್ನುವುದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು.

"ಯಾಸುಯೊ."

"ನಾನು ಕೊಟ್ಟ ನೂಲು ಇದೆಯಾ ಯಾಸುಯೊ?"

ಹುಡುಗಿ ಸೊಂಟದ ಪಟ್ಟಿಯ ಮಡಿಕೆಯಿಂದ ತೆಗೆದಳು. ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದಳು. ದಿನಾ ಹೇಗೆ ಇಡುತ್ತಿದ್ದೆಯೋ ಹಾಗೇ ಮಾಡಿ ತೋರಿಸು ಅಂದಳು ಅಜ್ಜಿ. ಯಾಸುಯೊ ಅತ್ತೆಯ ಪಕ್ಕ ಹಾಸಿಗೆ ಹಾಸಿದಳು. ಕಿಕುನೊ ಅಭ್ಯಾಸಬಲದಿಂದ ಬೋರಲು ಮಲಗಿದಳು, ಕೈ ಎರಡೂ ಪಕ್ಕಕ್ಕೆ. ನೂಲು ಕತ್ತಿನ ಬುಡದಿಂದ ಇಳಿಯಿತು, ಪಕ್ಕಕ್ಕೆ ಹೋಯಿತು. ಎರಡನೆಯ ಗಂಟು ಹುಣ್ಣಿನ ನಟ್ಟನಡುವೆ ನಿಂತಿತು. ಒಂದು ಎಳ್ಳಿನಷ್ಟೂ ಆಚೆ ಇಲ್ಲ, ಈಚೆ ಇಲ್ಲ.

ಅಜ್ಜಿ ಕಿಕುನೊಳನ್ನು ಎಬ್ಬಿಸಿ ಮಂಡಿ ತಬ್ಬಿಸಿ ಕೂರಿಸಿದಳು. ಅದೇ ನೂಲು ಹಿಡಿದಳು. ಗಂಟು ತನ್ನ ಕಂದು ಚುಕ್ಕೆಯ ಮೇಲೆ ಕೂತಿತು.

ಇಪ್ಪತ್ತು ದಿನ ಆ ಹುಡುಗಿ ನೂಲು ಹೇಳಿದಲ್ಲೇ ಸುಟ್ಟಿದ್ದಳು, ಹೇಳಿದಷ್ಟೇ ಸುಟ್ಟಿದ್ದಳು. ಅತ್ತೆ ಅಳುವಾಗ ಎಣಿಸಿದ್ದು ಕ್ರೌರ್ಯಕ್ಕಲ್ಲ. ಆರಲ್ಲ, ಎಂಟಲ್ಲ ಅಂದಿದ್ದರಲ್ಲ, ಅದಕ್ಕೆ.

"ಮಲಗಿಸಬಾರದು ಅಂತ ನಿನಗೆ ಯಾರೂ ಹೇಳಲಿಲ್ವಾ?"

"ಇಲ್ಲ ಅಜ್ಜಿ. ಅತ್ತೆ ಕೂರೋಕೆ ನೋವು ಅಂದ್ರು."

ಕಿಕುನೊ ತಲೆ ಎತ್ತಲಿಲ್ಲ. ಅಜ್ಜಿ ಹೇಳಿದ್ದ ಮಾತು ಅವಳಿಗೆ ನೆನಪಾಗಿತ್ತು. ಕಿಟಕಿಯ ಆಚೆ ಸಲಿಕೆ ಹಿಡಿದು ನಿಂತ ನನಗೇ ಅದು ಕಂಡಿತು ಅಂದಮೇಲೆ ಎದುರು ಕೂತ ಅಜ್ಜಿಗೆ ಕಾಣದೆ ಇರುತ್ತದೆಯೆ? ನಾನಾಗಿದ್ದರೆ ಅಲ್ಲೇ ಹಿಡಿದು ಕೇಳುತ್ತಿದ್ದೆ, ಹೇಳಿದ್ದೆನಲ್ಲೇ ನಿನಗೆ, ಯಾಕೆ ಬಚ್ಚಿಟ್ಟೆ ಅಂತ. ಅಜ್ಜಿ ಕೇಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಯಾಸುಯೊಳ ಕಡೆ ತಿರುಗಿ ಮಂಡಿಯೂರಿ, ಎರಡೂ ಅಂಗೈ ಚಾಪೆಗೆ ಊರಿ, ಹಣೆ ಮುಟ್ಟಿಸಿ ಬಾಗಿದಳು. ಎಪ್ಪತ್ತಾರರ ಮುದುಕಿ, ಇಪ್ಪತ್ತೆರಡರ ಸೊಸೆಯ ಮುಂದೆ. ಹೊರಗೆ ಸಲಿಕೆಗಳು ನಿಂತವು.

"ತಪ್ಪು ನಂದು. ಕೂರಿಸಿ ಸುಡು ಅನ್ನೋ ಮಾತು ನಾನು ಬೆನ್ನಿಗೆ ಹೇಳಿದೆ, ಕೈಗೆ ಹೇಳಲಿಲ್ಲ. ಸುಡೋ ಕೈ ಅಡುಗೆಮನೆಯಲ್ಲಿ ನೀರು ಕಾಯಿಸ್ತಾ ಇತ್ತು, ಅದು ಬರೋ ತನಕ ಕಾಯೋಕೆ ನನಗೆ ಪುರುಸೊತ್ತಿರಲಿಲ್ಲ. ನಿನ್ನ ಕೈ ನನ್ನ ಕೈಗಿಂತ ನಿಯತ್ತಿನದು ಕಣವ್ವ."

ಯಾಸುಯೊ ಏನು ಮಾಡಬೇಕು ತಿಳಿಯದೆ ತಾನೂ ಬಾಗಿದಳು. ಇಬ್ಬರೂ ಹಣೆ ಊರಿಕೊಂಡು ಹಾಗೇ ಇದ್ದರು, ಮೊದಲು ಯಾರು ಏಳಬೇಕು ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಅಕ್ಕಿ ಅಂಗಡಿಯ ಯಜಮಾನ ಏನೋ ಹೇಳಲು ಹೋದ. ಅಜ್ಜಿ ತಲೆ ಎತ್ತದೆಯೇ, ನೀನು ಅಕ್ಕಿ ಅಳೆಯೋಕೆ ಹೋಗಪ್ಪ, ಇಲ್ಲಿ ಅಳೆದಾಯ್ತು, ಅಂದಳು.

ಆಗ ಕಿಕುನೊ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಅವಳ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ, ಆದರೂ ಹೇಳಬೇಕಾದ್ದನ್ನು ಹೇಳಬೇಕು. ಅವಳು ಕ್ಷಮೆ ಕೇಳಲಿಲ್ಲ, ಅಳಲಿಲ್ಲ. ಮಂಡಿಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡು, ಜಾರಿದ್ದ ಬಟ್ಟೆಯನ್ನು ಸೊಂಟಕ್ಕೆ ಸರಿಸಿ, ಆ ಹುಣ್ಣಿನ ಬೆನ್ನನ್ನು ಸೊಸೆಯ ಕಡೆ ತಿರುಗಿಸಿದಳು.

"ಇವತ್ತಿಂದು ಬಾಕಿ ಇದೆ. ಇಡು."

ಯಾಸುಯೊ ಇಟ್ಟಳು. ಮೊದಲ ಕಾಳು ಎರಡು ಸಲ ಬಿತ್ತು. ಅಜ್ಜಿ ಪಕ್ಕದಲ್ಲಿ ಕೂತು ಕಾಳಿನ ಸುತ್ತ ತನ್ನ ಬೆರಳು ಒತ್ತಿ ಹಿಡಿದಳು, ಹಾಗೆ ಒತ್ತಿದರೆ ಉರಿ ಹಂಚಿಹೋಗುತ್ತದೆ. ಒಂದು. ಎರಡು. ಎಣಿಸುತ್ತಿದ್ದವಳು ಈ ಸಲ ಕಿಕುನೊ. ಏಳು ಅಂದಮೇಲೆ ಹೊರಗೆ ಬಂದು ಲಾರಿಯವನಿಗೆ, ಅಣ್ಣಯ್ಯ, ಊಟ ಮಾಡ್ಕೊಂಡು ಹೋಗಿ, ಪೆಟ್ಟಿಗೆ ಒಳಗಿಡೋಕೆ ಒಂದು ಕೈ ಹಾಕಿ, ಅಂದಳು. ಎಯ್ಜಿ ಎದ್ದು ಹಗ್ಗ ಬಿಚ್ಚಿದ. ಸಿಮೆಂಟು ಅಷ್ಟರಮಟ್ಟಿಗೆ ಬಿರುಕು ಬಿಟ್ಟಿತು. ನಾವು ನಮ್ಮ ನಮ್ಮ ಅಂಗಳಕ್ಕೆ ಹೋದೆವು.

ಮುದುಕಿಗೆ ಅರಳುಮರಳು, ಹೇಳಬೇಕಾದ್ದನ್ನು ಹೇಳಲು ಮರೆಯುತ್ತಾಳೆ, ಅಂತ ಆ ವರ್ಷ ಹಲವರು ಅವಳ ಬಾಗಿಲು ಬಿಟ್ಟರು. ಎಂಟನೆಯ ತಿಂಗಳ ಎರಡರಂದು ಚಪ್ಪಲಿಯ ಗುಡ್ಡೆ ಅರ್ಧಕ್ಕಿಳಿದಿತ್ತು. ಬಂದವರಿಗೆ ಹೊಸ ಕಟ್ಟಳೆ. ಬೆನ್ನು ತಂದರೆ ಸಾಲದು, ಮನೆಯಲ್ಲಿ ಸುಡುವ ಕೈಯೂ ಬರಬೇಕು, ಮುಂದಿನ ಸಾಲಿನಲ್ಲಿ ಕೂರಬೇಕು. ಮೊದಲ ಕಾಳು ಆ ಕೈಯವರ ಮೊಣಕಾಲಿನ ಕೆಳಗೆ. ಸುಡುವವರಿಗೆ ಮೊದಲು ಉರಿ ಗೊತ್ತಾಗಲಿ. ಆಮೇಲೆ ನೂಲು. ನೂಲು ಕೊಡುವ ಮೊದಲು ತಾರುಮಿ ಮನೆಯ ಕತೆ ಹೇಳುತ್ತಿದ್ದಳು, ಕಿಕುನೊಳಿಗೆ ಹೇಳಿದ್ದ ಭಾಗ ಮಾತ್ರ ಬಿಟ್ಟು. ಯಾಕೆ ಬಿಡುತ್ತೀಯ ಅಂತ ಒಂದು ಸಲ ಜಗಳ ತೆಗೆದೆ. ನೋಯುವ ಬೆನ್ನು ಮಾತನ್ನು ನೆನಪಿಟ್ಟುಕೊಳ್ಳೋದಿಲ್ಲ ಕಣಪ್ಪ, ಅದರ ಕೆಲಸ ಅದಲ್ಲ, ಅಂದಳು. ಹೀಗೆ ಅನ್ನುವಾಗ ನನ್ನ ಕಾಲಿನ ಮೇಲೆ ಒಂದು ಕಾಳು ಹೊತ್ತಿತ್ತು, ಖಾರದ್ದು. ನನ್ನ ಹೆಂಡತಿಯ ಬೆನ್ನಿಗೆ ಇಡುವ ಕೈ ನನ್ನದೇ ಆಗಬೇಕು ಅಂತ ಹಟ ಹಿಡಿದು ಕೂರಿಸಿದ್ದಳು. ಗಂಡಸರ ಕೈ ಏನು ದೇವರ ಕೋಣೆಯಲ್ಲಿ ಇಡೋಕಾ, ಅಂತ.

ಕೊನೆಯ ಎರಡು ವರ್ಷ ಅಜ್ಜಿಯ ಬೆರಳು ಮೊಗುಸ ಹಿಡಿಯಲಿಲ್ಲ. ಆಗ ಅವಳ ಬೆನ್ನಿಗೆ ಇಟ್ಟವಳು ಯಾಸುಯೊ. ಮಗ್ಗ ನಿಲ್ಲಿಸಿ, ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಬರುತ್ತಿದ್ದಳು. ಮಲಗಿಕೊಳ್ಳಿ ಅಜ್ಜಿ, ಸುಸ್ತಾಗಿದ್ದೀರಿ, ಅಂದರೆ ಮುದುಕಿ ಎಂಬತ್ತೆಂಟರಲ್ಲೂ ಮಂಡಿ ತಬ್ಬಿಕೊಂಡೇ ಕೂರುತ್ತಿದ್ದಳು. ಕೂತು ತೆಗೆದದ್ದು ಅಲ್ವೇನೇ, ಅನ್ನುತ್ತಿದ್ದಳು.

ಮೊನ್ನೆ ಆ ಆರು ಸಾಲಿನ ಸುದ್ದಿಪತ್ರ ಹಿಡಿದು ನನ್ನ ಬಾಗಿಲಿಗೆ ಬಂದವಳೂ ಯಾಸುಯೊಳೇ. ಮಾಚಿಪತ್ರೆಯ ಸೊಪ್ಪು ಹಾಕಿ ಕುಟ್ಟಿದ ಅಕ್ಕಿಕಡುಬು ಒಂದು ಡಬ್ಬಿ ತಂದಿದ್ದಳು. ಒಳಗೆ ಕರೆದರೂ ಬರಲಿಲ್ಲ.

"ನೀವು ಪೇಪರಿಗೆ ಬರೀತೀರಲ್ಲ. ಅಜ್ಜಿ ತಪ್ಪು ಮಾಡಿದ್ರು ಅಂತ ಬರೀರಿ. ಅದನ್ನ ಇವರು ಅಳಿಸಿಬಿಟ್ರೆ, ಅವತ್ತು ಅಜ್ಜಿ ಯಾರಿಗೆ ಬಾಗಿದ್ದು?"

ಅದಕ್ಕೇ ಬರೆದಿದ್ದೇನೆ.